ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗೆ ಯಾವ ನ್ಯೂಸ್ ಚಾನೆಲ್? ಹೆಸರಿಗಿಂತ ಹೊತ್ತು ನೋಡಿ ಆರಿಸಿ

'ಯಾವ ನ್ಯೂಸ್ ಚಾನೆಲ್ ಚಲೋ ಐತಿ?' ಅಂತ ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಎಷ್ಟು ಹೊತ್ತಿಗೆ ನೋಡ್ತೀರಿ? ನಿಮಗೆ ಏನು ಗೊತ್ತಾಗಬೇಕು? ಯಾಕೆಂದರೆ ಒಂದೇ ಚಾನೆಲ್ ಬೆಳಗ್ಗೆ ಒಂಥರಾ, ಮಧ್ಯಾಹ್ನ ಒಂಥರಾ, ರಾತ್ರಿ ಒಂಬತ್ತಕ್ಕೆ ಇನ್ನೊಂಥರಾ ಇರುತ್ತದೆ. ಬೆಳಗ್ಗೆ ರಾಶಿಭವಿಷ್ಯ, ಮಧ್ಯಾಹ್ನ ಸಿನಿಮಾ ಮಂದಿಯ ವಿಷಯ, ಸಂಜೆ ಜಗಳ. ಹೆಸರು ನೋಡಿ ಚಾನೆಲ್ ಆರಿಸಿದರೆ ಇದೆಲ್ಲಾ ಒಟ್ಟಿಗೇ ಮನೆಗೆ ಬರುತ್ತದೆ. ಹೊತ್ತು ನೋಡಿ ಆರಿಸಿದರೆ ಬೇಕಾದ್ದಷ್ಟೇ ತಗೊಂಡು ಉಳಿದದ್ದನ್ನು ಬಿಡಬಹುದು.

ಇಲ್ಲಿ ಹೋಲಿಸುತ್ತಿರುವುದು ನಮ್ಮ ಕಡೆ ಮನೆಗಳಲ್ಲಿ ನಿಜವಾಗಿ ಓಡುವುದನ್ನೇ. ಟಿವಿ9, ಪಬ್ಲಿಕ್ ಟಿವಿ, ಸುವರ್ಣ ನ್ಯೂಸ್, ನ್ಯೂಸ್18ನಂಥ 24 ಗಂಟೆ ಚಾನೆಲ್‌ಗಳು, ದೂರದರ್ಶನ ಚಂದನ, ತೆಲುಗು ಚಾನೆಲ್‌ಗಳು, ಊರಿನ ಕೇಬಲ್ ಚಾನೆಲ್, ಕೊನೆಗೆ ಯೂಟ್ಯೂಬ್. ಬೆಂಗಳೂರಿನಲ್ಲಿ ಕೂತು ಬರೆದವರ ಪಟ್ಟಿಯಲ್ಲಿ ತೆಲುಗೂ ಇರುವುದಿಲ್ಲ, ಊರಿನ ಕೇಬಲ್ಲೂ ಇರುವುದಿಲ್ಲ. ನಮಗೆ ಆ ಎರಡನ್ನು ಬಿಟ್ಟು ಹೋಲಿಸಿ ಪ್ರಯೋಜನ ಇಲ್ಲ.

ಮೊದಲು ಟಿಆರ್‌ಪಿ ಲೆಕ್ಕ

ಇದು ಗೊತ್ತಿಲ್ಲದೆ ಹೋಲಿಕೆ ಮಾಡಿದರೆ ಸುಮ್ನೆ ಬೈದಂತಾಗುತ್ತದೆ ಅಷ್ಟೇ.

ದೇಶದಲ್ಲಿ ಟಿವಿ ವೀಕ್ಷಣೆ ಅಳೆಯುವುದು ಬಾರ್ಕ್ ಎಂಬ ಸಂಸ್ಥೆ. 2015ರಿಂದ ಅದರ ಅಂಕಿಗಳೇ ನಡೆಯುತ್ತಿವೆ, ಜನ ಟಿಆರ್‌ಪಿ ಅನ್ನುವುದು ಇದನ್ನೇ. ಆಯ್ದ ಕೆಲವು ಮನೆಗಳ ಟಿವಿಗೆ ಮೀಟರ್ ಕೂರಿಸಿರುತ್ತಾರೆ. ಪ್ರತಿ ಚಾನೆಲ್‌ನ ದನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತು ಸೇರಿರುತ್ತದೆ, ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಎಂದು ಬರೆದುಕೊಳ್ಳುತ್ತದೆ. ಮನೆಯ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಅಂಕಿ ಗುರುವಾರ ಬರುತ್ತದೆ. ನ್ಯೂಸ್ ಚಾನೆಲ್‌ನಲ್ಲಿ ಕೆಲಸ ಮಾಡುವ ಯಾರನ್ನಾದರೂ ಗುರುವಾರ ಮಾತಾಡಿಸಿ ನೋಡಿ, ದನಿಯಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ. ಮೀಟರ್ ಇರುವ ಮನೆಗಳು ಐವತ್ತು ಸಾವಿರದ ಆಸುಪಾಸು. ಭಾಗಿಸಿ ನೋಡಿದರೆ ಸುಮಾರು ನಾಲ್ಕು ಸಾವಿರ ಮನೆಗೆ ಒಂದು ಮೀಟರ್. 2011ರ ಜನಗಣತಿಯಲ್ಲಿ ಇಡೀ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 14 ಲಕ್ಷದ ಹತ್ತಿರ. ಸರಾಸರಿ ಹಿಡಿದರೂ ಜಿಲ್ಲೆಗೆ ನೂರು ಮೀಟರ್ ಬರುವುದಿಲ್ಲ. ಅದರಲ್ಲಿ ಸಂಜೆ ಧಾರಾವಾಹಿ ನೋಡುವವರನ್ನು ಕಳೆಯಿರಿ, ಕ್ರಿಕೆಟ್ ನೋಡುವವರನ್ನು ಕಳೆಯಿರಿ. ನ್ಯೂಸ್ ನೋಡುವವರು ಎಷ್ಟು ಉಳಿದರು? ಚಾನೆಲ್‌ಗಳು ಜಾಹೀರಾತುದಾರರ ಮುಂದೆ ಇಡುವುದು ಇಡೀ ಕರ್ನಾಟಕದ್ದು ಎಂಬ ಒಂದೇ ಮೊತ್ತ. ಅದರಲ್ಲಿ ಕುಷ್ಟಗಿಯೋ ಮಾನ್ವಿಯೋ ಎಂದು ಬೇರೆ ಸಾಲು ಇರುವುದಿಲ್ಲ.

ಆದ್ದರಿಂದ 'ನಮ್ಮ ಕಡೆ ಸುದ್ದಿ ಯಾಕೆ ತೋರಿಸಲ್ಲ' ಎಂಬ ಪ್ರಶ್ನೆಗೆ ಉತ್ತರ ಆ್ಯಂಕರ್ ಹತ್ತಿರ ಇರುವುದಿಲ್ಲ. ನಮ್ಮ ಸುದ್ದಿ ಹಾಕಿದರೆ ಅಂಕಿ ಏರುವುದಿಲ್ಲ, ಬಿಟ್ಟರೆ ಇಳಿಯುವುದೂ ಇಲ್ಲ. ಆ ಕಡೆ ಬೆಂಗಳೂರಿನ ಒಂದು ಅಂಡರ್‌ಪಾಸ್‌ನಲ್ಲಿ ನೀರು ನಿಂತರೆ ಮೂರು ಕ್ಯಾಮೆರಾ ಓಡುತ್ತವೆ. ಕ್ಯಾಮೆರಾ ಹತ್ತಿರದಲ್ಲಿದೆ, ಖರ್ಚು ಕಡಿಮೆ, ನೋಡುವವರೂ ಜಾಸ್ತಿ.

ಅಂಕಿಯ ಆಟ ಹದಗೆಟ್ಟದ್ದೂ ಇದೆ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ಪ್ರಕರಣ ಬಯಲಿಗಿಟ್ಟರು. ಮೀಟರ್ ಇರುವ ಮನೆಗಳಿಗೆ ದುಡ್ಡು ಕೊಟ್ಟು ಇಂಥದೇ ಚಾನೆಲ್ ಹಾಕಿಡಿ ಎಂದು ಹೇಳಿದ್ದಾರೆ ಅನ್ನೋದು ಆರೋಪ. ಆಮೇಲೆ ನ್ಯೂಸ್ ಚಾನೆಲ್‌ಗಳ ಅಂಕಿಯನ್ನೇ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿಯಾಗಿ. ಅಂದರೆ ಸುಮಾರು ಒಂದೂವರೆ ವರ್ಷ ಯಾರು ನಂಬರ್ ಒನ್ ಎನ್ನುವುದಕ್ಕೆ ಅಂಕಿಯೇ ಇರಲಿಲ್ಲ. ಆ ಒಂದೂವರೆ ವರ್ಷ ಚೀರಾಟ ಕಡಿಮೆ ಆಯ್ತಾ? ನನಗಂತೂ ಹಾಗೆ ಅನ್ನಿಸಲಿಲ್ಲ. ಚಟ ಆಗಿಬಿಟ್ಟಿತ್ತು.

ನಾಲ್ಕು ತಿಂಗಳು, ಮೂರು ಸುದ್ದಿ

ಚಾನೆಲ್‌ಗಳನ್ನು ತೂಗಲು ನಮ್ಮ ಹತ್ತಿರ ಒಳ್ಳೆಯ ತಕ್ಕಡಿ ಇದೆ. 2024ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ನಮ್ಮ ಭಾಗದಲ್ಲೇ ಮೂರು ದೊಡ್ಡ ಸುದ್ದಿ ಆದವು. ಯಾವ ಚಾನೆಲ್ ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟಿತು ಎಂದು ನೆನಪು ಮಾಡಿಕೊಳ್ಳಿ, ನಿಮ್ಮ ಆಯ್ಕೆ ಅರ್ಧ ಮುಗಿದಂತೆ.

ಮೊದಲನೆಯದು ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಆ ಒಂದೇ ಗೇಟಿನಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗುತ್ತಿತ್ತು, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನದಿ ದಂಡೆಯವರಿಗೆ ಬೇಕಾಗಿದ್ದು ಎರಡೇ ಮಾತು. ಈಗ ಹೊರಗೆ ಹೋಗುತ್ತಿರುವುದು ಎಷ್ಟು ಕ್ಯೂಸೆಕ್? ರಾತ್ರಿ ಹೊತ್ತಿಗೆ ಎಷ್ಟಾಗಬಹುದು? ಕಾಲುವೆ ಕೆಳಗಿನ ರೈತರಿಗೆ, ಅಂದರೆ ಎಡದಂಡೆಯ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರಿಗೂ ಬಲದಂಡೆಯ ಬಳ್ಳಾರಿ, ಸಿರುಗುಪ್ಪ ಕಡೆಯವರಿಗೂ ಇನ್ನೊಂದು ಚಿಂತೆ: ಎಷ್ಟು ಟಿಎಂಸಿ ಉಳಿಯುತ್ತದೆ, ಹಚ್ಚಿದ ನೆಲ್ಲು ಕೈಗೆ ಬರುತ್ತಾ?

ಮರುದಿನ ಬೆಳಗ್ಗೆ ಟಿಫಿನ್ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಎಲ್ಲರೂ ಮೇಲೆ ಗೋಡೆಯ ಟಿವಿ ಕಡೆ ಕತ್ತು ಎತ್ತಿದ್ದೆವು. ಪರದೆಯ ಎಡಕ್ಕೆ ಕೆಂಪು ಡಬ್ಬಿ, ಕೆಳಗೆ ಮೂರು ಸಾಲು ಪಟ್ಟಿ, ಮೂಲೆಯಲ್ಲಿ ಗಿರಗಿರ ತಿರುಗುವ ಚಾನೆಲ್ ಲೋಗೋ. ನಡುವೆ ಉಳಿದ ಜಾಗದಲ್ಲಿ ನೀರು ನುಗ್ಗುವ ಅದೇ ಹನ್ನೆರಡು ಸೆಕೆಂಡಿನ ದೃಶ್ಯ ಮತ್ತೆ ಮತ್ತೆ. ಆ್ಯಂಕರ್ 'ಭಯಾನಕ, ಭಯಾನಕ' ಅನ್ನುತ್ತಿದ್ದಳು. ಕ್ಯೂಸೆಕ್ ಅಂಕಿ ಬಂದದ್ದು ಕೆಳಗಿನ ಪಟ್ಟಿಯಲ್ಲಿ, ಅದೂ ಒಂದು ಫ್ಲಾಟಿನ ಜಾಹೀರಾತಿನ ಹಿಂದೆ ಅರ್ಧ ಮುಚ್ಚಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು 'ಯಪ್ಪಾ, ಅದನ್ನ ಸ್ವಲ್ಪ ದೊಡ್ಡದಾಗಿ ಹಾಕ್ರೋ' ಅಂತ ಟಿವಿಗೇ ಹೇಳಿದರು.

ಇನ್ನೊಂದು ಚಾನೆಲ್ ತಿರುಗಿಸಿದರೆ ವರದಿಗಾರ ಡ್ಯಾಂ ಮೇಲೆ ನಿಂತು ಇಂಜಿನಿಯರನ್ನು ಮಾತಾಡಿಸುತ್ತಿದ್ದ. ಸ್ಟಾಪ್‌ಲಾಗ್ (ಕೊಚ್ಚಿಹೋದ ಗೇಟಿನ ಜಾಗಕ್ಕೆ ಇಳಿಸುವ ಉಕ್ಕಿನ ತಡೆ) ಅಂದರೆ ಏನು, ನೀರು ಹರಿಯುತ್ತಿರುವಾಗಲೇ ಅದನ್ನು ಇಳಿಸಲು ಯಾಕೆ ಕಷ್ಟ ಎಂದು ಕೇಳುತ್ತಿದ್ದ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಆಗಸ್ಟ್ 16, 17ರ ಹೊತ್ತಿಗೆ ಸ್ಟಾಪ್‌ಲಾಗ್ ಕೂತು ಹರಿವು ನಿಂತಾಗ ಯಾರಿಗೆ ವಿಷಯ ಅರ್ಥ ಆಯ್ತು ಅಂದರೆ ಆ ಎರಡನೆಯ ಚಾನೆಲ್ ನೋಡಿದವರಿಗೆ.

ಎರಡನೆಯ ಸುದ್ದಿ ಆಗಸ್ಟ್ 29. ಕೊಲೆ ಪ್ರಕರಣದ ಆರೋಪಿಯಾಗಿದ್ದ ನಟ ದರ್ಶನ್ ಅವರನ್ನು ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಸೆಂಟ್ರಲ್ ಜೈಲಿಗೆ ತಂದರು. ಅಕ್ಟೋಬರ್ 30ಕ್ಕೆ ಮಧ್ಯಂತರ ಜಾಮೀನು ಸಿಕ್ಕು ಹೊರಗೆ ಹೋಗುವ ತನಕ ಜೈಲಿನ ಮುಂದೆ ನೇರಪ್ರಸಾರದ ಓಬಿ ವ್ಯಾನ್ ಕಂಡ ಹಾಗೆ ನಮ್ಮ ಊರಿನಲ್ಲಿ ಬೇರೆ ಎಲ್ಲೂ ಕಂಡಿಲ್ಲ. ಬ್ಯಾಗಿನಲ್ಲಿ ಏನು ಬಂತು, ಭೇಟಿಗೆ ಯಾರು ಬಂದರು, ಊಟ ಏನು, ಎಲ್ಲಾ ಬ್ರೇಕಿಂಗ್. ಅವರು ಸೆಲ್ಲಿಗೆ ಟಿವಿ ಬೇಕು ಎಂದು ಕೇಳಿದ್ದು, ಆಮೇಲೆ ಟಿವಿ ಕೊಟ್ಟಿದ್ದು, ಅದೂ ಬ್ರೇಕಿಂಗ್. ಹೊರಗಿನ ಟಿವಿಯಲ್ಲಿ ಒಳಗಿನ ಟಿವಿಯ ಸುದ್ದಿ! ನಗು ಬರುತ್ತದೆ, ಆದರೆ ಟಿಆರ್‌ಪಿ ಲೆಕ್ಕಕ್ಕೆ ಇದು ಸರಿಯಾಗೇ ಕೂಡುತ್ತದೆ. ಅಭಿಮಾನಿಗಳು ರಾಜ್ಯದ ತುಂಬ ಇದ್ದಾರೆ, ಎಲ್ಲ ಊರಿನ ಮೀಟರೂ ತಿರುಗುತ್ತದೆ.

ಮೂರನೆಯದು ನವೆಂಬರ್. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್‌ನಲ್ಲಿ ಕೊಡುವ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದು ರಾಜ್ಯದ ಔಷಧ ನಿಯಂತ್ರಕರ ಅಮಾನತು ತನಕ ಹೋಯಿತು. ಇದನ್ನು ಚಾನೆಲ್‌ಗಳು ತೋರಿಸಲಿಲ್ಲ ಎನ್ನಲಾಗದು. ಆದರೆ ಯಾವಾಗ ದೊಡ್ಡದಾಯಿತು ಅನ್ನೋದನ್ನು ಗಮನಿಸಿ. ಪಕ್ಷಗಳು ಒಬ್ಬರ ಮೇಲೊಬ್ಬರು ಬಿದ್ದಾಗ ಸ್ಟುಡಿಯೋ ತುಂಬಿತು. ಆ ಜೈಲು, ಈ ಆಸ್ಪತ್ರೆ ಎರಡೂ ಒಂದೇ ಊರಿನಲ್ಲಿ, ನಡುವೆ ಕೆಲವೇ ಕಿಲೋಮೀಟರ್. ಯಾವ ಬ್ಯಾಚಿನ ದ್ರಾವಣ, ಯಾರು ಪರೀಕ್ಷೆ ಮಾಡಿದರು, ಬೇರೆ ಜಿಲ್ಲೆಗೂ ಹೋಗಿದೆಯಾ ಎಂದು ದಿನಾ ಬೆನ್ನು ಹತ್ತಿದ್ದು ಜಾಸ್ತಿ ಪತ್ರಿಕೆಗಳೇ.

ರಾಯಚೂರಿನವರು ಇದಕ್ಕೆ ನಾಲ್ಕನೆಯದನ್ನೂ ಸೇರಿಸುತ್ತಾರೆ. ಏಮ್ಸ್ ಬೇಕು ಎಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಕೂತವರು ಒಟ್ಟು ಎಷ್ಟು ನಿಮಿಷ ಟಿವಿಯಲ್ಲಿ ಬಂದರು ಅಂತ ಅವರನ್ನೇ ಕೇಳಿ.

24 ಗಂಟೆ ಕನ್ನಡ ಚಾನೆಲ್‌ಗಳು

ಟಿವಿ9 ಕನ್ನಡ ಬಂದದ್ದು 2006ರ ಡಿಸೆಂಬರ್‌ನಲ್ಲಿ. ಬಹಳ ವರ್ಷ ಅಂಕಿಯಲ್ಲಿ ಮೊದಲ ಸ್ಥಾನ ಅದರದ್ದೇ. ನಮ್ಮ ಕಡೆ ಏನಾದರೂ ಆದರೆ ಮೊದಲು ಪರದೆಗೆ ಬರುವುದು ಸಾಮಾನ್ಯವಾಗಿ ಇಲ್ಲಿಯೇ. ವೇಗಕ್ಕೆ ಇದು ಸರಿ. ಆದರೆ ವೇಗ ಬೇಕಾಗುವುದು ದಿನಕ್ಕೆ ಎಷ್ಟು ಹೊತ್ತು? ಹತ್ತು ನಿಮಿಷ. ಆಮೇಲೆ ಅದೇ ಸುದ್ದಿ ಸುತ್ತುತ್ತದೆ.

ಪಬ್ಲಿಕ್ ಟಿವಿ 2012ರ ಫೆಬ್ರವರಿಯಲ್ಲಿ ಶುರುವಾಯಿತು. ಇದನ್ನು ಚಾನೆಲ್ ಅನ್ನುವುದಕ್ಕಿಂತ ಎಚ್.ಆರ್. ರಂಗನಾಥ್ ಅವರ ಚಾನೆಲ್ ಅನ್ನುವುದೇ ಸರಿ. ರಾತ್ರಿ ಒಂಬತ್ತರ ಬಿಗ್ ಬುಲೆಟಿನ್ ನೋಡಲೆಂದೇ ಊಟ ಮುಂದೆ ಹಾಕುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಅವರು ಮನೆಯ ಹಿರಿಯರು ಮಾತಾಡಿದಂತೆ ಮಾತಾಡುತ್ತಾರೆ, ಬೈಯುತ್ತಾರೆ, ಲೆಕ್ಕ ಬಿಡಿಸಿ ಹೇಳುತ್ತಾರೆ. ಹತ್ತು ಜನ ಒಟ್ಟಿಗೆ ಕಿರುಚುವುದಕ್ಕಿಂತ ಒಬ್ಬರ ಮಾತು ಕೇಳುವುದು ಕಿವಿಗೆ ಎಷ್ಟೋ ಹಿತ. ಆದರೆ ಒಬ್ಬರೇ ಮಾತಾಡಿದರೆ ಒಬ್ಬರದೇ ಅಭಿಪ್ರಾಯ ಅಲ್ವಾ? ಅದನ್ನು ನೆನಪಿಟ್ಟು ನೋಡಿದರೆ ಸಾಕು.

ಸುವರ್ಣ ನ್ಯೂಸ್ 2008ರದ್ದು. ಇಲ್ಲಿ ಚರ್ಚೆಯೇ ಮುಖ್ಯ ಸರಕು. ಅಜಿತ್ ಹನಮಕ್ಕನವರ್ ಅವರ ಕಾರ್ಯಕ್ರಮ ನೋಡುವವರಿಗೆ ಅವರ ನಿಲುವು ಏನು ಎಂದು ಮೊದಲೇ ಗೊತ್ತಿರುತ್ತದೆ, ಅದಕ್ಕಾಗಿಯೇ ಕೆಲವರು ನೋಡುತ್ತಾರೆ, ಅದಕ್ಕಾಗಿಯೇ ಕೆಲವರು ಬಿಡುತ್ತಾರೆ. ನಿಲುವು ಬಚ್ಚಿಟ್ಟುಕೊಂಡವರಿಗಿಂತ ತೋರಿಸುವವರು ವಾಸಿ ಅನ್ನೋದು ನನ್ನ ಅಭಿಪ್ರಾಯ. ಈ ಬಳಗ ಮಾಜಿ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಅವರ ಹೂಡಿಕೆ ಕಂಪನಿಯದ್ದು ಎನ್ನುವುದೂ ನೋಡುವವರಿಗೆ ಗೊತ್ತಿರಲಿ.

ನ್ಯೂಸ್18 ಕನ್ನಡ ಮೊದಲು ಈಟಿವಿ ನ್ಯೂಸ್ ಆಗಿತ್ತು. ಈಗ ರಿಲಯನ್ಸ್ ಬಳಗದ್ದು. ಇವುಗಳ ಹಿಂದೆ ಹತ್ತಾರು ಚಾನೆಲ್ ಬಂದಿವೆ, ಹೋಗಿವೆ. ಉದಯ ನ್ಯೂಸ್‌ನಂಥ ಹಳೆಯದೇ 2017ರಲ್ಲಿ ಮುಚ್ಚಿತು.

ಮಾಲೀಕರ ಮಾತು ಬಂದಾಗ ಬಳ್ಳಾರಿಯವರಿಗೆ ಹೊಸದಾಗಿ ಹೇಳುವುದೇನಿಲ್ಲ. ಗಣಿ ದಿನಗಳಲ್ಲಿ ನಮ್ಮೂರಿನ ರೆಡ್ಡಿ, ಶ್ರೀರಾಮುಲು ಬಳಗದ ನಂಟಿನಿಂದಲೇ ಜನಶ್ರೀ ಎಂಬ ನ್ಯೂಸ್ ಚಾನೆಲ್ ಬಂದಿತ್ತು. ಕಸ್ತೂರಿ ಚಾನೆಲ್ ಎಚ್.ಡಿ. ಕುಮಾರಸ್ವಾಮಿ ಕುಟುಂಬದ್ದು. ದಿಗ್ವಿಜಯ ಶುರು ಮಾಡಿದ್ದು ವಿಜಯ ಸಂಕೇಶ್ವರರ ವಿಆರ್‌ಎಲ್ ಬಳಗ. ಮಾಲೀಕರು ಯಾರು ಎಂದು ಗೊತ್ತಿದ್ದರೆ ಯಾವ ಸುದ್ದಿಗೆ ಆ ಚಾನೆಲ್ ಬಿಟ್ಟು ಬೇರೆ ತಿರುಗಿಸಬೇಕು ಅನ್ನೋದೂ ಗೊತ್ತಾಗುತ್ತದೆ.

ಇವುಗಳಲ್ಲಿ ಒಂದನ್ನು ಇಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಬೆಳಗಿನ ವೇಗದ ಬುಲೆಟಿನ್‌ಗೆ ಯಾವುದಾದರೂ ಒಂದು. ನೂರು ಸುದ್ದಿ, ಐವತ್ತು ಸುದ್ದಿ ಎಂದು ಓಡಿಸುತ್ತಾರಲ್ಲ, ನಾನು ಕಂಡಂತೆ ಕೊಪ್ಪಳ, ರಾಯಚೂರು ಎಂಬ ಹೆಸರು ಬರುವುದು ಅಲ್ಲಿಯೇ. ಜಿಲ್ಲೆಯ ವರದಿಗಾರ ಬೆಳಗಿನ ಜಾವ ಕಳಿಸಿದ ಮೂವತ್ತು ಸೆಕೆಂಡಿನ ಸುದ್ದಿಗೆ ಅಲ್ಲಿ ಜಾಗ ಇರುತ್ತದೆ. ಹೊತ್ತು ಏರಿದಂತೆ ಆ ಜಾಗಕ್ಕೆ ಬೆಂಗಳೂರು ಬಂದು ಕೂರುತ್ತದೆ.

ಚಂದನ

ಚಂದನ ಅಂದ ಕೂಡಲೇ 'ಥಟ್ ಅಂತ ಹೇಳಿ' ಮತ್ತು ನಾ. ಸೋಮೇಶ್ವರ ಅವರು ನೆನಪಾಗುತ್ತಾರೆ, ವಾರ್ತೆ ನೆನಪಾಗುವುದಿಲ್ಲ. ಅದು ಅನ್ಯಾಯ. ವಾರ್ತೆ ಓದುವವರು ಓದುತ್ತಾರೆ, ಅಷ್ಟೇ. ಕೆಂಪು ಡಬ್ಬಿ ಇಲ್ಲ, ಢಂ ಢಂ ಸಂಗೀತ ಇಲ್ಲ. ಅರ್ಧ ಗಂಟೆ ಒಳಗೆ ದೇಶ, ರಾಜ್ಯ, ಹವಾಮಾನ ಎಲ್ಲಾ ಮುಗಿಯುತ್ತದೆ. ಜಲಾಶಯದ ಮಟ್ಟದ ಅಂಕಿ ಓದಿದರೆ ಪೂರ್ತಿ ಓದುತ್ತಾರೆ. ಟಿಆರ್‌ಪಿ ಬಿದ್ದರೆ ಸಂಬಳ ನಿಲ್ಲುತ್ತದೆ ಎಂಬ ಹೆದರಿಕೆ ಇಲ್ಲಿ ಇಲ್ಲ.

ಕೊರತೆಯೂ ಅಲ್ಲಿಂದಲೇ. ದೂರದರ್ಶನ ನಡೆಸುವ ಪ್ರಸಾರ ಭಾರತಿ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ. ಸಚಿವರು ಹೇಳಿದ್ದು ಮೊದಲು, ಸಚಿವರನ್ನು ಕೇಳಬೇಕಾದ್ದು ಕೊನೆಗೆ, ಅಥವಾ ಇಲ್ಲವೇ ಇಲ್ಲ. ಆಸ್ಪತ್ರೆಯಂಥ ವಿಷಯಕ್ಕೆ ಚಂದನ ಒಂದನ್ನೇ ನಂಬಿ ಕೂತರೆ ಪತ್ರಿಕಾ ಪ್ರಕಟಣೆ ಕೇಳಿದಂತೆ ಇರುತ್ತದೆ.

ಇನ್ನೊಂದು ಅನುಕೂಲ ಇದೆ. ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಸಿಗುತ್ತದೆ, ತಿಂಗಳ ಬಾಡಿಗೆ ಇಲ್ಲ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಹೊಲದ ಮನೆ, ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದ ರೈತರ ಊರು) ಮನೆಗಳಿಗೆ ಇದೇ ಸರಿ. ಜೊತೆಗೆ ಹೊಸಪೇಟೆ, ರಾಯಚೂರು ಆಕಾಶವಾಣಿ ಕೇಂದ್ರಗಳು ಇದ್ದೇ ಇವೆ. ಮೊಬೈಲಿನಲ್ಲೂ ಕೇಳಬಹುದು.

ತೆಲುಗು ಚಾನೆಲ್‌ಗಳು

ಬಳ್ಳಾರಿ, ಸಿರುಗುಪ್ಪ, ಗಂಗಾವತಿ ಕ್ಯಾಂಪುಗಳು, ಸಿಂಧನೂರು, ರಾಯಚೂರು ಇಲ್ಲೆಲ್ಲಾ ಒಂದೇ ಮನೆಯಲ್ಲಿ ಅಜ್ಜಿ ತೆಲುಗು ಹಾಕಿದರೆ ಮೊಮ್ಮಗ ಕನ್ನಡಕ್ಕೆ ತಿರುಗಿಸುತ್ತಾನೆ. ಡ್ಯಾಮಿನ ವಿಷಯಕ್ಕೆ ತೆಲುಗು ಚಾನೆಲ್ ನೋಡುವುದು ವ್ಯರ್ಥ ಅಲ್ಲ. ತುಂಗಭದ್ರೆಯ ನೀರು ಅನಂತಪುರ, ಕರ್ನೂಲು ಕಡೆಗೂ ಹೋಗುತ್ತದೆ, ಆದ್ದರಿಂದ ಅಲ್ಲಿನವರಿಗೂ ಅದು ಜೀವದ ಪ್ರಶ್ನೆ. ಗೇಟು ಹೋದ ವಾರ ಆಂಧ್ರದ ಪಾಲು ಎಷ್ಟು, ಕೆಳಗಿನ ಕಾಲುವೆಗೆ ಎಷ್ಟು ಎಂಬ ಮಾತು ಅಲ್ಲಿ ಚೆನ್ನಾಗಿ ಬರುತ್ತಿತ್ತು.

ರಾಜಕೀಯಕ್ಕೆ ಮಾತ್ರ ಒಂದನ್ನೇ ನೋಡಬೇಡಿ. ಸಾಕ್ಷಿ ಚಾನೆಲ್ ಆಂಧ್ರದ ಮಾಜಿ ಮುಖ್ಯಮಂತ್ರಿ ಜಗನ್ ಮನೆತನದ್ದು. ಎಬಿಎನ್ ಆಂಧ್ರಜ್ಯೋತಿ ಅದಕ್ಕೆ ಎದುರು ಬಣ ಎಂದೇ ಹೆಸರು. ಎರಡನ್ನೂ ಹತ್ತು ಹತ್ತು ನಿಮಿಷ ನೋಡಿದರೆ ಎರಡು ಬೇರೆ ಬೇರೆ ರಾಜ್ಯದ ಸುದ್ದಿ ಕೇಳಿದಂತೆ ಆಗುತ್ತದೆ. ನಮ್ಮ ಕನ್ನಡ ಚಾನೆಲ್‌ಗಳು ಅಷ್ಟು ಬಿಚ್ಚಿಟ್ಟು ಹೊಡೆದಾಡುವುದಿಲ್ಲ.

ಊರಿನ ಕೇಬಲ್, ಯೂಟ್ಯೂಬ್

ಊರಿನ ಕೇಬಲ್ ಚಾನೆಲ್ಲನ್ನು ನಗುತ್ತಾ ತಳ್ಳಿಹಾಕುವವರು ಜಾಸ್ತಿ. ಚಿತ್ರ ಮಸುಕು, ಮೈಕು ಗೊರಗೊರ, ಕೆಳಗೆ ಬಟ್ಟೆ ಅಂಗಡಿ ಜಾಹೀರಾತು. ಆದರೆ ನಾಳೆ ಯಾವ ವಾರ್ಡಿಗೆ ನೀರು ಬಿಡುವುದಿಲ್ಲ, ಎಷ್ಟೊತ್ತಿಗೆ ಕರೆಂಟ್ ಹೋಗುತ್ತದೆ, ನಗರಸಭೆ ಸಭೆಯಲ್ಲಿ ಯಾರು ಯಾರಿಗೆ ಏನಂದರು, ಇದನ್ನೆಲ್ಲಾ ಹೇಳುವುದು ಇವರೊಬ್ಬರೇ. ಇಲ್ಲಿ ಮೀಟರ್ ಲೆಕ್ಕ ಇಲ್ಲ. ತೊಂದರೆ ಬೇರೆ. ಜಾಹೀರಾತು ಕೊಡುವವರೂ ಊರಿನ ದೊಡ್ಡವರೇ ಆದ್ದರಿಂದ ಅವರ ವಿರುದ್ಧ ಒಂದು ಮಾತು ಬರುವುದಿಲ್ಲ. ಬರ್ತ್‌ಡೇ ಶುಭಾಶಯ ಮಾತ್ರ ತಪ್ಪದೆ ಬರುತ್ತದೆ.

ಯೂಟ್ಯೂಬ್‌ಗೆ ಒಂದೇ ಮಾತು. ದೊಡ್ಡ ಚಾನೆಲ್‌ಗಳ ಯೂಟ್ಯೂಬ್ ಪುಟಕ್ಕೆ ಹೋಗಿ ನಿಮ್ಮ ತಾಲೂಕಿನ ಹೆಸರು ಹುಡುಕಿ. ಟಿವಿಯಲ್ಲಿ ಮೂವತ್ತು ಸೆಕೆಂಡು ಬಂದ ಸುದ್ದಿ ಅಲ್ಲಿ ಮೂರು ನಿಮಿಷ ಸಿಗುತ್ತದೆ. ಮೈಕ್ ಹಿಡಿದ ಎಲ್ಲರನ್ನೂ ನಂಬಬೇಡಿ. ವಿಡಿಯೋ ಮೇಲಿನ ಫೋಟೋದಲ್ಲಿ ಬಾಯಿ ತೆರೆದ ಮುಖ, ಕೆಂಪು ಬಾಣ ಇದ್ದರೆ ಒಳಗೆ ವಿಷಯ ಇರುವುದಿಲ್ಲ ಅಂತಲೇ ಅರ್ಥ.

ಆ್ಯಂಕರ್ ಹೇಗೆ ತೂಗುವುದು

ದನಿ, ಬಟ್ಟೆ ನೋಡಬೇಡಿ. ವರದಿಗಾರ ಫೋನಿನಲ್ಲಿ ಬಂದಾಗ ಏನಾಗುತ್ತದೆ ನೋಡಿ. ಕೆಲವರು ಪ್ರಶ್ನೆ ಕೇಳುತ್ತಾರೆ, ಉತ್ತರ ಬರಲು ಬಿಡುತ್ತಾರೆ, ಉತ್ತರದಿಂದಲೇ ಮುಂದಿನ ಪ್ರಶ್ನೆ ತೆಗೆಯುತ್ತಾರೆ. ಇನ್ನು ಕೆಲವರು ಎರಡು ನಿಮಿಷ ತಾವೇ ಎಲ್ಲ ಹೇಳಿ 'ಅಲ್ವಾ?' ಅನ್ನುತ್ತಾರೆ, ಆ ಬಡಪಾಯಿ 'ಹೌದು, ಖಂಡಿತವಾಗಿಯೂ' ಎಂದು ಅದನ್ನೇ ತಿರುಗಿ ಹೇಳುತ್ತಾನೆ.

ಇನ್ನೊಂದು ಪರೀಕ್ಷೆ ನಮ್ಮ ಕಡೆಯವರಿಗೆ ಮಾತ್ರ ಗೊತ್ತಾಗುವಂಥದ್ದು. ಹೊಸಪೇಟೆ ಯಾವ ಜಿಲ್ಲೆ ಅನ್ನುತ್ತಾರೆ ಕೇಳಿಸಿಕೊಳ್ಳಿ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ. ಇನ್ನೂ 'ಬಳ್ಳಾರಿ ಜಿಲ್ಲೆ ಹೊಸಪೇಟೆ' ಅನ್ನುವವರು ಇದ್ದಾರೆ. ಡ್ಯಾಮಿನ ಎಡದಂಡೆಯ ಮುನಿರಾಬಾದ್ ಕೊಪ್ಪಳ ಜಿಲ್ಲೆಗೆ ಸೇರುತ್ತದೆ ಎಂದು ಗೊತ್ತಿರುವ ಆ್ಯಂಕರ್ ಸಿಕ್ಕರೆ ಅವರ ಬುಲೆಟಿನ್ ಬಿಡಬೇಡಿ. ಅಷ್ಟು ಓದಿಕೊಂಡು ಬಂದವರು ಉಳಿದದ್ದನ್ನೂ ಓದಿಕೊಂಡು ಬಂದಿರುತ್ತಾರೆ.

2023ರಲ್ಲಿ ಪವರ್ ಟಿವಿ ಸೌಂದರ್ಯ ಎಂಬ ಎಐ ಆ್ಯಂಕರನ್ನು ತಂದಿತು. ಬರೆದದ್ದು ಓದುವುದಕ್ಕೆ ಅದು ಸಾಕು. ವರದಿಗಾರನಿಗೆ ಎದುರು ಪ್ರಶ್ನೆ ಹಾಕುವುದು ಮನುಷ್ಯರಿಂದಲೇ ಆಗಬೇಕು.

ಹಾಗಾದರೆ ಯಾರಿಗೆ ಯಾವುದು

ಕಾಲುವೆ ನೀರಿನ ರೈತರು: ಬೆಳಗ್ಗೆ ಯಾವುದಾದರೂ ಒಂದು ವೇಗದ ಬುಲೆಟಿನ್, ಸಂಜೆ ಚಂದನ ವಾರ್ತೆ, ನೀರಿನ ಗಲಾಟೆ ಇದ್ದ ವಾರ ತೆಲುಗು ಒಂದು. ಕಾಲುವೆಗೆ ನೀರು ಯಾವಾಗ ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯ ದಿನ ಚರ್ಚೆ ಕಾರ್ಯಕ್ರಮ ನೋಡಿ ಹೊತ್ತು ಹಾಳು ಮಾಡಬೇಡಿ, ತೀರ್ಮಾನ ಒಂದೇ ಸಾಲಿನಲ್ಲಿ ಬರುತ್ತದೆ.

ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು: ಚಂದನ ಮತ್ತು ಆಕಾಶವಾಣಿ, ಜೊತೆಗೆ ಪತ್ರಿಕೆ. 24 ಗಂಟೆ ಚಾನೆಲ್ ನಿಮಗೆ ಬೇಕಾಗಿಲ್ಲ. ಒಂದು ಗಂಟೆ ನೋಡಿದರೂ ನೋಟ್ಸಿಗೆ ಬರೆದುಕೊಳ್ಳಲು ಎರಡು ಸಾಲು ಸಿಗುವುದಿಲ್ಲ.

ಮನೆಯಲ್ಲಿ ದಿನವಿಡೀ ಇರುವ ಹಿರಿಯರು: ಇದು ಕಷ್ಟದ್ದು. ಟಿವಿ ಅವರಿಗೆ ಜೊತೆ. ಆದರೆ ಕ್ರೈಂ, ಅಪಘಾತ, ಗ್ರಹಣ ಎಂದು ಇಡೀ ದಿನ ಕೇಳಿದರೆ ಹೊರಗೆ ಹೋದ ಮಗ ಹತ್ತು ನಿಮಿಷ ತಡ ಮಾಡಿದರೂ ಎದೆ ಡವಡವ. ರಾತ್ರಿ ಒಂದು ಬುಲೆಟಿನ್ ಅವರ ಇಷ್ಟದ್ದೇ ಇರಲಿ, ಹಗಲು ಚಂದನವೋ ಹಾಡಿನ ಚಾನೆಲ್ಲೋ ಹಾಕಿಕೊಡಿ.

ಹೋಟೆಲ್, ಸಲೂನ್ ನಡೆಸುವವರು: ಯಾವ ಚಾನೆಲ್ ಆದರೂ ಹಾಕಿ, ಸಂಜೆ ಚರ್ಚೆ ಹೊತ್ತಿಗೆ ದನಿ ಬಂದ್ ಮಾಡಿ. ಎದುರಿನ ಬೆಂಚಿನಲ್ಲಿ ಎರಡು ಪಕ್ಷದವರೂ ಕೂತಿರುತ್ತಾರೆ.

ರಿಮೋಟ್ ಕೆಲಸ

ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ನೀವು ಕೇಳದೇ ಒಂದು ಚಾನೆಲ್ ಬರುತ್ತದಲ್ಲ, ಅದು ತಾನಾಗೇ ಬಂದದ್ದಲ್ಲ. ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ, ಚಾನೆಲ್‌ಗಳು ಕೇಬಲ್ ಕಂಪನಿಗಳಿಗೆ ದುಡ್ಡು ಕೊಟ್ಟು ಆ ಜಾಗ ಹಿಡಿಯುತ್ತವೆ. ನೀವು ರಿಮೋಟ್ ಹುಡುಕುವಷ್ಟರಲ್ಲಿ ಅವರ ವೀಕ್ಷಣೆ ಏರುತ್ತದೆ ಎಂಬ ದೂರು ಹಳೆಯದು. ಟೆಲಿಕಾಂ, ಕೇಬಲ್ ನಿಯಂತ್ರಿಸುವ ಟ್ರಾಯ್ ಸಂಸ್ಥೆ 2018ರಲ್ಲಿ ಇದನ್ನು ತಡೆಯಲು ಹೋಯಿತು, ಆ ಆದೇಶ ನ್ಯಾಯಮಂಡಳಿಯಲ್ಲಿ ನಿಲ್ಲಲಿಲ್ಲ. ಫೇವರಿಟ್ ಪಟ್ಟಿಗೆ ನಿಮ್ಮ ನಾಲ್ಕು ಚಾನೆಲ್ ಹಾಕಿಡಿ, ಆನ್ ಆದ ತಕ್ಷಣ ಅಲ್ಲಿಗೆ ಹೋಗಿ.

ದುಡ್ಡಿನ ವಿಷಯ: ಕನ್ನಡ ನ್ಯೂಸ್ ಚಾನೆಲ್‌ಗಳು ಬಹುತೇಕ ಉಚಿತ. ನ್ಯೂಸ್‌ಗಾಗಿಯೇ ದೊಡ್ಡ ಪ್ಯಾಕ್ ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಯಾವ ಚಾನೆಲ್‌ಗೆ ಎಷ್ಟು ಎಂದು ಒಂದೊಂದಾಗಿ ಕೇಳಿ.

ತೀರಾ ಕೆಟ್ಟದ್ದು ಕಂಡರೆ ಬೈದು ಸುಮ್ಮನಾಗಬೇಡಿ. ಚಾನೆಲ್ ಹೆಸರು, ತಾರೀಕು, ಗಂಟೆ ಬರೆದಿಟ್ಟುಕೊಂಡು, ಸಾಧ್ಯವಾದರೆ ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು, ಮೊದಲು ಚಾನೆಲ್‌ಗೇ ದೂರು ಬರೆಯಬೇಕು. 2021ರ ನಿಯಮದ ಪ್ರಕಾರ 15 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ, ಉತ್ತರ ಸರಿ ಅನ್ನಿಸದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಇದರಿಂದ ಏನೂ ಆಗಲ್ಲ ಅನ್ನಬೇಡಿ. ಕೊರೊನಾ ಕಾಲದಲ್ಲಿ ತಬ್ಲೀಘಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ವಿಷಯ ತೋರಿಸಿದ ರೀತಿಗೆ ಎರಡು ಕನ್ನಡ ನ್ಯೂಸ್ ಚಾನೆಲ್‌ಗಳಿಗೆ 2021ರಲ್ಲಿ ದಂಡ ಬಿದ್ದದ್ದು ನೋಡುಗರ ಕಡೆಯಿಂದ ಹೋದ ದೂರಿನ ಮೇಲೆಯೇ. ಊರಿನ ಕೇಬಲ್ ಚಾನೆಲ್ ಬಗ್ಗೆ ಆದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಉಸ್ತುವಾರಿ ಸಮಿತಿಗೆ ಕೊಡಬಹುದು. ಅರ್ಜಿ ಕನ್ನಡದಲ್ಲೇ ಇರಲಿ, ಡಿಸಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿದ ಪ್ರತಿ ಇಸಿದುಕೊಳ್ಳಿ.